ಕಲ್ಲುಗಣಿಯಿಂದ ಗುರುಪೀಠಕ್ಕೆ

ಪರಮತದ ಗುರುವೊಬ್ಬರ ಚರಿತೆಗೆ ನಮ್ಮ ವಿದ್ಯಾಸಂಸ್ಥೆಯ ಸ್ಮರಣಸಂಚಿಕೆಯಲ್ಲಿ ಎಡೆಯೇಕೆಂದು ಕೆಲವರು ಕೇಳಬಹುದು. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದ ಪೋಪ್ ಎರಡನೆಯ ಜಾನ್ ಪಾಲರನ್ನು ನಾಡು ಕಂಡದ್ದು ಧರ್ಮಾಧ್ಯಕ್ಷರಾಗಿ. ಚಾಮರಾಜನಗರ, ಗುಂಡ್ಲುಪೇಟೆಗಳ ಜನರಾದ ನಾವು ಅರಿಯಬೇಕಾದುದು ಅವರ ಪೂರ್ವಾಶ್ರಮವನ್ನು.

1920ರಲ್ಲಿ ಪೋಲೆಂಡಿನಲ್ಲಿ ಜನಿಸಿದ ಕರೋಲ್ ವೊಯ್ತಿವಾ, ಜರ್ಮನರ ಆಕ್ರಮಣದಿಂದ ವಿಶ್ವವಿದ್ಯಾಲಯವು ಮುಚ್ಚಿಹೋಗಲು, 1940ರಲ್ಲಿ ಕ್ರಾಕೋ ನಗರದ ಕಲ್ಲುಗಣಿಗೆ ಕೂಲಿಯಾಗಿ ಸೇರಿದರು. ಕೊರೆಯುವ ಚಳಿಯಲ್ಲಿ ಕಲ್ಲೊಡೆದರು. ಮಡಿದ ಸಹಕಾರ್ಮಿಕನೊಬ್ಬನ ನೆನಪಿಗೆ ಮುಂದೆ ಕವಿತೆಯನ್ನೂ ರಚಿಸಿದರು. 1978ರಲ್ಲಿ ಪೀಠವೇರಿದ ಮೇಲೂ ಆ ಗಣಿಯನ್ನು ಮರೆಯಲಿಲ್ಲ. 1981ರ ಅವರ ಧರ್ಮಪತ್ರವು ದುಡಿಮೆಯನ್ನು ಕುರಿತದ್ದೇ. ಬಂಡವಾಳಕ್ಕಿಂತ ದುಡಿಯುವವನೇ ಹಿರಿಯನೆಂಬುದು ಅದರ ತಿರುಳು. (ಬಡವರ ಪರವಾಗಿ ನುಡಿದ ಬ್ರೆಜಿಲಿನ ಪಂಡಿತ ಲಿಯೊನಾರ್ಡೊ ಬೋಫರಿಗೆ 1985ರಲ್ಲಿ ಇವರ ಆಡಳಿತವೇ ಮೌನವನ್ನು ವಿಧಿಸಿತೆಂಬುದನ್ನೂ ಮರೆಯಲಾಗದು.)

ಕಾಯಕತತ್ತ್ವದ ಉತ್ತರಾಧಿಕಾರಿಗಳಾದ ನಮಗೆ ಇದೇನು ಹೊಸತೆಂದು ಹೆಮ್ಮೆಪಡುವವರುಂಟು. ಹೆಮ್ಮೆ ಸಲ್ಲುವುದು ಆಚರಣೆಗೆ. ನಮ್ಮ ಸೀಮೆಯ ಕರಿಕಲ್ಲು ದೇಶಾಂತರಗಳಿಗೆ ಸಾಗುತ್ತದೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಗಣಿಯ ಕೂಲಿಕಾರರು ಅಸುನೀಗಿದರು. ಅವರನ್ನು ನೆನೆದು ಎಷ್ಟು ವೇದಿಕೆಗಳಲ್ಲಿ ಕಾಯಕದ ಮಾತು ಕೇಳಿಬಂದಿತು?

ಆದುದರಿಂದ ಅಧ್ಯಾಪಕ ಮಿತ್ರರಲ್ಲಿಯೂ ದಾನಿಗಳಲ್ಲಿಯೂ ನನ್ನ ವಿಜ್ಞಾಪನೆಯಿಷ್ಟು. ಕಲ್ಲೊಡೆಯುವವರ ಮಕ್ಕಳು ವರ್ಷದ ನಡುವೆ ಬಂದು ನಿಂತರೂ ಅವರಿಗೆ ಪ್ರವೇಶ, ಪ್ರಸಾದ, ವಸತಿಗಳು ದೊರೆಯುವಂತೆ ದತ್ತಿಯೊಂದನ್ನು ಸ್ಥಾಪಿಸಬೇಕು. ಕಲ್ಲಿನಿಂದಲೇ ಸಿರಿವಂತರಾದ ಹಳೆಯ ವಿದ್ಯಾರ್ಥಿಗಳು ಅದಕ್ಕೆ ಮೊದಲು ಹೆಸರು ಬರೆಸಲಿ.