ಶಾಸನದ ಓದಿಗೊಂದು ಶಾಶ್ವತ ವಿಳಾಸ

ಕರ್ನಾಟಕ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮಾನ್ಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯರೇ,

ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದೊಂದಿಗೆ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕ ಮಾಲೆಯು ಈ ನಾಡಿನ ಶಾಸನಗಳನ್ನು ಕಲ್ಲಿನಿಂದ ಕಾಗದಕ್ಕೆ ತಂದಿತು. ಇಂದು ಅವುಗಳನ್ನು ಕಾಗದದಿಂದ ಮತ್ತು ನೇರವಾಗಿ ಕಲ್ಲಿನಿಂದಲೇ ಕಂಪ್ಯೂಟರಿಗೆ ತರುವ ಕೆಲಸ ಅಲ್ಲಲ್ಲಿ ನಡೆಯುತ್ತಿದ್ದು, ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಅದಕ್ಕೆ ಒಳ್ಳೆಯ ನಿದರ್ಶನ. ಆದರೆ ಶಾಸನದ ಚಿತ್ರವೂ ಪಾಠವೂ ತೆರೆಯ ಮೇಲೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ಶಾಸನವನ್ನು ಒಬ್ಬರು ಓದಿ, ಮತ್ತೊಬ್ಬರು ತಿದ್ದಿ, ಮೂರನೆಯವರು ಆ ತಿದ್ದುಪಡಿಯನ್ನೇ ಪ್ರಶ್ನಿಸಿದಾಗ ಮಾತ್ರ ಅದರ ಅರ್ಥ ನಿಚ್ಚಳವಾಗುತ್ತ ಹೋಗುತ್ತದೆ. ಆ ಚರ್ಚೆಯೆಲ್ಲ ಶಾಸನದ ಜೊತೆಗೇ, ಯಾರು ಯಾವಾಗ ಏನು ಹೇಳಿದರೆಂಬ ವಿವರದೊಂದಿಗೆ, ಎಲ್ಲರಿಗೂ ಸಿಗುವಂತೆ ಉಳಿಯುವ ವ್ಯವಸ್ಥೆಯನ್ನು ತಮ್ಮ ಇಲಾಖೆ ರೂಪಿಸಬೇಕೆಂಬುದೇ ಈ ಪತ್ರದ ಕೋರಿಕೆ.

ಇಂಥ ವ್ಯವಸ್ಥೆಯ ಅಗತ್ಯವನ್ನು ಹಲ್ಮಿಡಿ ಶಾಸನವೊಂದೇ ತೋರಿಸಿಕೊಡುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಹದಿನಾರು ಸಾಲುಗಳ ಶಾಸನದಲ್ಲಿ ತೇದಿಯಿಲ್ಲ. ಅದರಲ್ಲಿ ಬರುವ ಕಕುಸ್ಥನನ್ನು ಕದಂಬರ ಕಾಕುಸ್ಥವರ್ಮನೆಂದು ಗುರುತಿಸುವುದರ ಮೇಲೆ ಮತ್ತು ಲಿಪಿಯ ಲಕ್ಷಣಗಳ ಮೇಲೆ ಅದರ ಕಾಲನಿರ್ಣಯ ನಿಂತಿದೆ. ಶಾಲೆಯ ಪಠ್ಯಗಳಲ್ಲಿ ಕ್ರಿ.ಶ. 450 ಎಂಬುದೇ ರೂಢಿಯಾಗಿದ್ದರೂ, ಅದನ್ನು ಐದನೆಯ ಶತಮಾನದ ಕೊನೆಗೆ ಅಥವಾ ಇನ್ನೂ ಈಚೆಗೆ ತರುವ ವಿದ್ವಾಂಸರಿದ್ದಾರೆ. ಇನ್ನೊಂದೆಡೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ನಡೆಸಿದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಕ್ರಿ.ಶ. 370ರದ್ದೆಂಬ ಅಭಿಪ್ರಾಯ ಪ್ರಕಟವಾದ ಮೇಲೆ, ಹಲ್ಮಿಡಿಯೇ ಕನ್ನಡದ ಮೊದಲ ಶಾಸನವೆಂಬ ಮಾತೂ ಚರ್ಚೆಗೆ ಒಳಗಾಗಿದೆ. ಇಷ್ಟು ದೊಡ್ಡ ವಾದವು ವಾರ್ಷಿಕ ವರದಿಗಳಲ್ಲಿ, ಸಂಶೋಧನ ಲೇಖನಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಪತ್ರಿಕಾ ವರದಿಗಳಲ್ಲಿ ಹಂಚಿಹೋಗಿದೆ. ಸಾಮಾನ್ಯ ದತ್ತಕೋಶದಲ್ಲಿ ‘ಕಾಲ’ ಎಂಬ ಕಲಮಿನಲ್ಲಿ ಒಂದೇ ಉತ್ತರಕ್ಕೆ ಜಾಗವಿರುವುದರಿಂದ, ಅಲ್ಲಿ 450 ಎಂದು ತುಂಬಿದ ಕೂಡಲೇ ಉಳಿದ ವಾದಗಳೆಲ್ಲ ಇಲ್ಲವೇ ಇಲ್ಲವೆಂಬಂತಾಗುತ್ತದೆ.

ಸೆಮ್ಯಾಂಟಿಕ್ ವೆಬ್, ಅಂದರೆ ಮಾಹಿತಿಯ ಅರ್ಥವನ್ನು ಮನುಷ್ಯರಂತೆ ಯಂತ್ರಗಳೂ ಗ್ರಹಿಸಿ ಜೋಡಿಸಬಲ್ಲಂತೆ ಬರೆದಿಡುವ ಜಾಲದ ಕಲ್ಪನೆ, ನೆರವಿಗೆ ಬರುವುದು ಇಲ್ಲಿಯೇ. ವರ್ಲ್ಡ್ ವೈಡ್ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಅವರ ಸಂಗಡಿಗರು 2001ರಲ್ಲಿ ಜನಪ್ರಿಯಗೊಳಿಸಿದ ಈ ಕಲ್ಪನೆಯ ತಳಹದಿಯಾದ ಆರ್‌ಡಿಎಫ್ ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಹೇಳಿಕೆಗೂ ಮೂರು ಅಂಗಗಳಿರುತ್ತವೆ: ಯಾವುದರ ಬಗ್ಗೆ, ಯಾವ ಸಂಬಂಧ, ಏನು. ‘ಹಲ್ಮಿಡಿ ಶಾಸನ, ಕಾಲ, ಕ್ರಿ.ಶ. 450’ ಎಂಬುದು ಅಂಥ ಒಂದು ಹೇಳಿಕೆ. ಇದೇ ಶಾಸನಕ್ಕೆ ಬೇರೆ ಕಾಲವನ್ನು ಹೇಳುವ ಇನ್ನೊಂದು ಹೇಳಿಕೆಯನ್ನೂ ಅದರ ಪಕ್ಕದಲ್ಲಿಯೇ ಇಡಬಹುದು. ಪ್ರತಿಯೊಂದು ಹೇಳಿಕೆಗೂ ಅದನ್ನು ಮಾಡಿದವರ ಹೆಸರು, ವರ್ಷ ಮತ್ತು ಆಧಾರಗಳನ್ನು ಲಗತ್ತಿಸಬಹುದು. ಒಂದು ಸರಿಯೆಂದು ಮತ್ತೊಂದನ್ನು ಅಳಿಸಬೇಕಾದ ಇಕ್ಕಟ್ಟು ಆಗ ಉಳಿಯುವುದಿಲ್ಲ.

ಆದರೆ ಇದಕ್ಕೆಲ್ಲ ಮೊದಲು ಆಗಬೇಕಾದ ಕೆಲಸವೊಂದಿದೆ, ಅದನ್ನು ಮಾಡುವ ಅಧಿಕಾರ ತಮ್ಮ ಇಲಾಖೆಗೆ ಇರುವಷ್ಟು ಸಹಜವಾಗಿ ಇನ್ನಾರಿಗೂ ಇಲ್ಲ. ಪ್ರತಿ ಶಾಸನಕ್ಕೂ ಎಂದೆಂದಿಗೂ ಬದಲಾಗದ ಒಂದು ಜಾಲವಿಳಾಸವನ್ನು ಕೊಡುವುದೇ ಆ ಕೆಲಸ. ಕದಂಬ ಶಾಂತಿವರ್ಮನ ಕಾಲದ ತಾಳಗುಂದ ಸ್ತಂಭಶಾಸನವು ರೈಸ್ ಅವರ ಏಳನೆಯ ಸಂಪುಟದಲ್ಲಿ ‘ಶಿಕಾರಿಪುರ 176’. ಅದೇ ಶಾಸನವನ್ನು ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದ ಎಂಟನೆಯ ಸಂಪುಟದಲ್ಲಿ ಬೇರೊಂದು ಕ್ರಮದಲ್ಲಿ ಸಂಪಾದಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿಯೂ ಹಳೆಯ ಸಂಖ್ಯೆಗಳು ಬದಲಾಗಿವೆ. ಪಳಗಿದ ಸಂಶೋಧಕರಿಗೆ ಇವೆಲ್ಲ ಒಂದೇ ಶಾಸನವೆಂದು ತಿಳಿದಿರುತ್ತದೆ, ಆದರೆ ಆಗಷ್ಟೇ ಅಧ್ಯಯನಕ್ಕಿಳಿದ ವಿದ್ಯಾರ್ಥಿಗೆ ತಿಳಿದಿರುವುದಿಲ್ಲ. ಕಂಪ್ಯೂಟರಿಗಂತೂ ಅವು ಬೇರೆ ಬೇರೆ ಶಾಸನಗಳೇ. ಇಲಾಖೆ ಕೊಡುವ ಒಂದು ಶಾಶ್ವತ ವಿಳಾಸಕ್ಕೆ ಈ ಎಲ್ಲ ಹಳೆಯ ಸಂಖ್ಯೆಗಳನ್ನು ‘ಇದೂ ಅದೇ’ ಎಂಬ ಸಂಬಂಧದ ಮೂಲಕ ಕಟ್ಟಿಬಿಟ್ಟರೆ, ಯಾವ ಸಂಖ್ಯೆಯಿಂದ ಹುಡುಕಿದರೂ ಒಂದೇ ಶಾಸನ ಮತ್ತು ಅದರ ಸುತ್ತ ನಡೆದ ಎಲ್ಲ ಚರ್ಚೆ ಕೈಗೆ ಸಿಗುತ್ತವೆ.

ಆ ವಿಳಾಸದ ಮೇಲೆ ಟಿಪ್ಪಣಿಗಳನ್ನು ಕೂರಿಸುವ ಕ್ರಮವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟವು 2017ರ ಫೆಬ್ರವರಿಯಲ್ಲಿ ವೆಬ್ ಟಿಪ್ಪಣಿಗಳ ಮಾನಕವನ್ನು ಅಂಗೀಕರಿಸಿತು. ಅದರ ಪ್ರಕಾರ ಟಿಪ್ಪಣಿಗೆ ಮುಖ್ಯವಾಗಿ ಎರಡು ಭಾಗ: ಹೇಳಬೇಕಾದ ಮಾತು ಒಂದು, ಆ ಮಾತು ಯಾವುದನ್ನು ಕುರಿತದ್ದೋ ಆ ಗುರಿ ಇನ್ನೊಂದು. ಟಿಪ್ಪಣಿಯು ಮೂಲ ಪಾಠದೊಳಗೆ ಸೇರದೆ ಪ್ರತ್ಯೇಕವಾಗಿ ಉಳಿಯುವುದರಿಂದ ಪಾಠಕ್ಕೆ ಧಕ್ಕೆಯಿಲ್ಲ. ಅದು ವಿವರಣೆಯೋ, ಪ್ರಶ್ನೆಯೋ, ತಿದ್ದುಪಡಿಯೋ, ಇನ್ನೊಂದು ಟಿಪ್ಪಣಿಗೆ ಉತ್ತರವೋ ಎಂಬುದನ್ನೂ ನಮೂದಿಸಬಹುದು. ಚಿತ್ರಗಳನ್ನು ಹಂಚಿಕೊಳ್ಳಲು ಜಗತ್ತಿನ ದೊಡ್ಡ ಗ್ರಂಥಾಲಯಗಳು ಬಳಸುತ್ತಿರುವ ಐಐಐಎಫ್ ಎಂಬ ಪದ್ಧತಿಯೂ ಇದೇ ಮಾನಕವನ್ನು ಅನುಸರಿಸುವುದರಿಂದ, ತಮ್ಮ ಇಲಾಖೆಯಲ್ಲಿರುವ ಛಾಯಾಚಿತ್ರ, ಮತ್ತೊಂದು ಸಂಸ್ಥೆಯಲ್ಲಿರುವ ಪಡಿಯಚ್ಚು, ವಿಶ್ವವಿದ್ಯಾನಿಲಯದ ಮುದ್ರಿತ ಪಾಠ ಈ ಮೂರೂ ತಮ್ಮ ತಮ್ಮ ಜಾಗದಲ್ಲಿಯೇ ಇದ್ದುಕೊಂಡು ಓದುಗರ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ಮೂಡಬಲ್ಲವು. ಯಾವ ಸಂಸ್ಥೆಯೂ ತನ್ನ ಸಂಗ್ರಹವನ್ನು ಬಿಟ್ಟುಕೊಡಬೇಕಾಗಿಲ್ಲವೆಂಬುದು ನಮ್ಮ ಸಂಸ್ಥೆಗಳ ಸ್ವಭಾವವನ್ನು ಬಲ್ಲವರಿಗೆ ಸಣ್ಣ ಅನುಕೂಲವಾಗಿ ಕಾಣಲಾರದು.

ಟಿಪ್ಪಣಿಯನ್ನು ಎಲ್ಲಿಗೆ ನೆಡಬೇಕೆಂಬ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ತನ್ನದೇ ಆದ ತೊಡಕುಗಳಿವೆ, ಹೊರಗಿನಿಂದ ತಂದ ತಂತ್ರಾಂಶವನ್ನು ಹಾಗೆಯೇ ಬಳಸಿದರೆ ಅವು ಕಾಡುತ್ತವೆ. ಟಿಪ್ಪಣಿಯು ತಾನು ಕುರಿತ ಪದವನ್ನೂ ಅದರ ಹಿಂದುಮುಂದಿನ ಕೆಲವು ಅಕ್ಷರಗಳನ್ನೂ ನೆನಪಿಟ್ಟುಕೊಂಡು ಜಾಗವನ್ನು ಗುರುತಿಸುವುದು ರೂಢಿಯಲ್ಲಿರುವ ಒಂದು ವಿಧಾನ. ಆದರೆ ಒಬ್ಬ ಸಂಪಾದಕರು ‘ಕದಂಬ’ ಎಂದು ಸೊನ್ನೆಯಿಟ್ಟು ಬರೆದದ್ದನ್ನು ಮತ್ತೊಬ್ಬರು ಕಲ್ಲಿನಲ್ಲಿದ್ದಂತೆಯೇ ‘ಕದಮ್ಬ’ ಎಂದು ಉಳಿಸಿಕೊಂಡಿರುತ್ತಾರೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಕೆಲವರು ಉಳಿಸಿಕೊಂಡರೆ ಕೆಲವರು ರ, ಳ ಎಂದು ಬದಲಾಯಿಸಿರುತ್ತಾರೆ. ಇಷ್ಟೇ ಅಲ್ಲದೆ, ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯವಿರುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪಾಠಗಳಲ್ಲಿ ಅಕ್ಷರಗಳ ಎಣಿಕೆ ಬೇರೆಯಾಗಿ, ಟಿಪ್ಪಣಿ ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಶಾಸನಗಳ ಮಟ್ಟಿಗೆ ಟಿಪ್ಪಣಿಯನ್ನು ಮೊದಲು ಕಲ್ಲಿನ ಚಿತ್ರದ ನಿರ್ದಿಷ್ಟ ಭಾಗಕ್ಕೂ, ಆಮೇಲೆ ಸಾಲಿನ ಸಂಖ್ಯೆಗೂ, ಕೊನೆಗಷ್ಟೇ ಪಾಠದ ಪದಕ್ಕೂ ನೆಡುವುದು ಸರಿಯಾದ ಕ್ರಮ. ಪಾಠಗಳು ಎಷ್ಟು ಬಾರಿ ಪರಿಷ್ಕಾರಗೊಂಡರೂ ಕಲ್ಲಿನ ಮೇಲಿನ ಜಾಗ ಬದಲಾಗುವುದಿಲ್ಲ.

ಎಲ್ಲರಿಗೂ ಬರೆಯಲು ಅವಕಾಶ ಕೊಟ್ಟರೆ ಜಾತಿಯ ಹಿರಿಮೆ, ದೇವಾಲಯದ ಹಕ್ಕು, ದತ್ತಿಭೂಮಿಯ ಒಡೆತನಗಳ ಬಗೆಗಿನ ವಾದಗಳು ಶಾಸನಗಳ ಮೇಲೆ ಬಂದು ಬೀಳುತ್ತವೆಂಬ ಆತಂಕ ಇಲಾಖೆಗೆ ಇರುವುದು ಸಹಜ, ಅದು ನಿರಾಧಾರವೂ ಅಲ್ಲ. ಆದರೆ ಅಂಥ ವಾದಗಳು ಈಗಲೂ ನಡೆಯುತ್ತಿವೆ, ಹೆಸರಿಲ್ಲದೆ, ಆಧಾರವಿಲ್ಲದೆ, ವಾಟ್ಸಾಪ್‌ನಲ್ಲಿ ಹರಿದಾಡುವ ಚಿತ್ರಗಳ ರೂಪದಲ್ಲಿ. ಹೆಸರು ನಮೂದಿಸದ ಟಿಪ್ಪಣಿಯನ್ನು ಸ್ವೀಕರಿಸದೆ, ಇಲಾಖೆಯ ತಜ್ಞರು ಒಪ್ಪಿದ ಓದನ್ನು ಪ್ರತ್ಯೇಕ ಪದರವಾಗಿ ಗುರುತಿಸಿ, ಉಳಿದವನ್ನು ಅಭಿಪ್ರಾಯಗಳೆಂದೇ ತೋರಿಸಿದರೆ, ಓದುಗರಿಗೆ ವ್ಯತ್ಯಾಸ ತಿಳಿಯುತ್ತದೆ. ಮಾಹಿತಿಯ ಹುಟ್ಟು ಮತ್ತು ಕೈಬದಲುಗಳನ್ನು ದಾಖಲಿಸುವ ಪ್ರೋವ್ ಎಂಬ ಡಬ್ಲ್ಯು3ಸಿ ಮಾನಕ 2013ರಿಂದಲೇ ಬಳಕೆಯಲ್ಲಿದೆ. ಊರ ಹೊರಗಿನ ಪೊದೆಯಲ್ಲಿ ವೀರಗಲ್ಲನ್ನು ಕಂಡು ತಿಳಿಸಿದ ಹವ್ಯಾಸಿಯ ಹೆಸರೂ ಇದರಲ್ಲಿ ಉಳಿಯುತ್ತದೆ. ಈಗ ಅದು ಬಹುಪಾಲು ಒಂದು ದಿನದ ಪತ್ರಿಕಾ ಸುದ್ದಿಯೊಂದಿಗೇ ಮರೆಯಾಗುತ್ತಿದೆ.

ಈ ಹೊಣೆಯನ್ನು ಖಾಸಗಿ ತಂತ್ರಾಂಶಗಳಿಗೆ ಬಿಟ್ಟುಬಿಡಬಹುದಲ್ಲವೇ ಎಂಬ ಪ್ರಶ್ನೆಗೆ ಇತಿಹಾಸದಲ್ಲಿಯೇ ಉತ್ತರವಿದೆ. ಇದೇ ಡಬ್ಲ್ಯು3ಸಿ 2001ರ ಸುಮಾರಿಗೆ ಆರ್‌ಡಿಎಫ್ ಆಧಾರದ ಮೇಲೆ ಅನೋಟಿಯ ಎಂಬ ಹಂಚಿಕೆಯ ಟಿಪ್ಪಣಿ ವ್ಯವಸ್ಥೆಯನ್ನು ರೂಪಿಸಿತು; ಅದಕ್ಕೆ ಜೊತೆಯಾಗಿದ್ದ ಅಮಾಯ ಎಂಬ ಬ್ರೌಸರ್‌ನ ಅಭಿವೃದ್ಧಿ ಮುಂದೆ ನಿಂತೇಹೋಯಿತು. ಉಪಕರಣಗಳು ಬರುತ್ತವೆ, ಹೋಗುತ್ತವೆ. ಮುಕ್ತ ಮಾನಕದಲ್ಲಿ ಬರೆದ ಟಿಪ್ಪಣಿಗಳನ್ನು ದೀರ್ಘಕಾಲ ಕಾಯುವ ಸಂಸ್ಥೆಯೊಂದು ಇದ್ದರಷ್ಟೇ ಅವು ಮುಂದಿನ ಉಪಕರಣಕ್ಕೆ ದಾಟುತ್ತವೆ. ಹಿಂದಿನ ತಲೆಮಾರಿನ ವಿದ್ವಾಂಸರು ತಮ್ಮ ಸ್ವಂತ ಪ್ರತಿಗಳ ಅಂಚುಗಳಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟ ತಿದ್ದುಪಡಿಗಳು ಅವರ ಪುಸ್ತಕಗಳೊಂದಿಗೇ ರದ್ದಿಗೆ ಹೋಗಿರುವುದನ್ನು ಬಲ್ಲವರು ಈ ಮಾತನ್ನು ಒಪ್ಪದಿರಲಾರರು.

ಇಡೀ ರಾಜ್ಯದ ಶಾಸನಗಳನ್ನು ಒಮ್ಮೆಲೇ ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ. ತಾಳಗುಂದವನ್ನೂ ಬಳ್ಳಿಗಾವೆಯನ್ನೂ ಒಳಗೊಂಡ ಶಿಕಾರಿಪುರ ತಾಲ್ಲೂಕೊಂದನ್ನೇ ಆರಿಸಿಕೊಂಡು, ಅಲ್ಲಿನ ಪ್ರಕಟಿತ ಶಾಸನಗಳಿಗೆ ಶಾಶ್ವತ ವಿಳಾಸ ಕೊಟ್ಟು, ಹಳೆಯ ಮತ್ತು ಪರಿಷ್ಕೃತ ಸಂಖ್ಯೆಗಳನ್ನು ಅದಕ್ಕೆ ಜೋಡಿಸಿ, ಈವರೆಗಿನ ತಿದ್ದುಪಡಿಗಳನ್ನು ಅವರವರ ಹೆಸರಿನಲ್ಲಿ ಟಿಪ್ಪಣಿಗಳಾಗಿ ಸೇರಿಸಲು ವಿಶ್ವವಿದ್ಯಾನಿಲಯಗಳ ಶಾಸನಶಾಸ್ತ್ರದ ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡರೆ ಆರಂಭಕ್ಕೆ ಅಷ್ಟು ಸಾಕು. ಈ ಕಾರ್ಯಕ್ಕೆ ಶಾಸನತಜ್ಞರೂ ತಂತ್ರಜ್ಞರೂ ಇರುವ ಚಿಕ್ಕ ಸಮಿತಿಯೊಂದನ್ನು ನೇಮಿಸಿ, ವಿಳಾಸಗಳ ನಮೂನೆಯನ್ನು ಮೊದಲು ಕರಡಾಗಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಪಡೆಯುವಂತೆ ಆದೇಶಿಸಬೇಕೆಂದು ಮಾನ್ಯರಲ್ಲಿ ವಿನಂತಿ.

ಗೌರವಗಳೊಂದಿಗೆ,
ಶಾಸನಾಸಕ್ತ ಓದುಗ