ರೂಪವೊಂದೇ ವಿಮಾನವಲ್ಲ

ಗಣಕಯಂತ್ರದ ನೆರವಿನಿಂದ ವಸ್ತುಗಳ ವಿನ್ಯಾಸವನ್ನು ರಚಿಸುವ ವಿದ್ಯೆಗೆ 'ಕ್ಯಾಡ್' ಎಂದು ಹೆಸರು. ವಿಮಾನದ ಹಾರಾಟವನ್ನು ನೆಲದ ಮೇಲೆಯೇ ಅನುಕರಿಸಿ ತೋರಿಸುವ ಸಾಧನಕ್ಕೆ 'ಫ್ಲೈಟ್ ಸಿಮ್ಯುಲೇಟರ್' ಎಂದು ಹೆಸರು. ಮೊದಲನೆಯದರಲ್ಲಿ ರಚಿಸಿದ ವಿಮಾನವನ್ನು ಎರಡನೆಯದರಲ್ಲಿ ಹಾರಿಸಿ ನೋಡಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಉಂಟಾಗುವುದು ಸಹಜ. ಆಸೆಯೇನೋ ಒಳ್ಳೆಯದೇ. ಆದರೆ ಒಂದು ಬಗೆಯ ಕಡತವನ್ನು ಇನ್ನೊಂದು ಬಗೆಯ ಕಡತವಾಗಿ ಮಾರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸಿರುವರು. ಈ ಭಾವನೆ ಸರಿಯಲ್ಲವೆಂದೂ, ಇದರಿಂದ ಭೌತವಿಜ್ಞಾನದ ಉತ್ತಮ ಪಾಠವೊಂದು ಕೈತಪ್ಪಿಹೋಗುತ್ತದೆಂದೂ ನಮ್ಮ ಅಭಿಪ್ರಾಯ.

ಮೊದಲು ಇವೆರಡರ ಸ್ವಭಾವಭೇದವನ್ನು ನೋಡೋಣ. ಕ್ಯಾಡ್ ಮಾದರಿಯಲ್ಲಿ ವಕ್ರಮೇಲ್ಮೈಗಳು ಗಣಿತದ ಸಮೀಕರಣಗಳ ರೂಪದಲ್ಲಿರುತ್ತವೆ. ಫ್ರಾನ್ಸಿನ ಮೋಟಾರು ಕಾರ್ಖಾನೆಗಳಾದ ಸಿಟ್ರೋಯನ್ ಮತ್ತು ರೆನೋಗಳಲ್ಲಿ ದ ಕ್ಯಾಸ್ಟೆಲ್ಜೋ ಹಾಗೂ ಬೆಜಿಯೇ ಎಂಬುವರು ಇಂತಹ ವಕ್ರಗಳ ವಿಧಾನವನ್ನು ಬೆಳೆಸಿದರು. ಎಷ್ಟು ಹಿಗ್ಗಿಸಿ ನೋಡಿದರೂ ಅಲ್ಲಿ ವೃತ್ತವು ವೃತ್ತವಾಗಿಯೇ ಇರುತ್ತದೆ. ಸಿಮ್ಯುಲೇಟರಿನ ರೀತಿಯೇ ಬೇರೆ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 17 ಮಿಲಿಸೆಕೆಂಡು ಮಾತ್ರ. ಇಷ್ಟು ಅಲ್ಪಾವಧಿಯಲ್ಲಿ ಕೆಲಸ ಮುಗಿಯಬೇಕಾದ್ದರಿಂದ ಅದು ಎಲ್ಲ ಮೇಲ್ಮೈಗಳನ್ನೂ ತ್ರಿಭುಜಗಳಾಗಿ ಒಡೆದು ಚಿತ್ರಿಸುತ್ತದೆ. ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿ ಇರಲೇಬೇಕೆಂದಿಲ್ಲ. ಮೂರು ಬಿಂದುಗಳಾದರೋ ಯಾವಾಗಲೂ ಒಂದು ಸಮತಲದಲ್ಲಿರುತ್ತವೆ. ತ್ರಿಭುಜದ ಹಿರಿಮೆ ಇದೇ.

ಹಾಗಾದರೆ ಎಷ್ಟು ತ್ರಿಭುಜಗಳು ಬೇಕು? 1 ಮೀಟರ್ ತ್ರಿಜ್ಯವುಳ್ಳ ಎಂಜಿನ್ ಕವಚದ ಅಂಚನ್ನು 12 ಭುಜಗಳ ಬಹುಭುಜಾಕೃತಿಯಾಗಿ ಮಾಡಿದೆವೆನ್ನೋಣ. ನಿಜವಾದ ವೃತ್ತಕ್ಕೂ ಭುಜದ ಮಧ್ಯಬಿಂದುವಿಗೂ ಇರುವ ಅಂತರ 3.4 ಸೆಂಟಿಮೀಟರ್ ಆಗುತ್ತದೆ. 24 ಭುಜಗಳಾದರೆ ಅದು 8.6 ಮಿಲಿಮೀಟರಿಗೂ, 48 ಆದರೆ 2.1 ಮಿಲಿಮೀಟರಿಗೂ ಇಳಿಯುತ್ತದೆ. ಭುಜಗಳನ್ನು ಇಮ್ಮಡಿಸಿದಂತೆಲ್ಲ ದೋಷವು ಕಾಲುಭಾಗವಾಗುವುದನ್ನು ತ್ರಿಕೋಣಮಿತಿ ಬಲ್ಲವರು ತಾವೇ ಪರೀಕ್ಷಿಸಿ ನೋಡಬಹುದು. ಸಾಮಾನ್ಯವಾದ ಕಣ್ಣು ಸುಮಾರು ಒಂದು ಕಲೆಯಷ್ಟು, ಅಂದರೆ ಒಂದು ಅಂಶದ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಗುರುತಿಸಬಲ್ಲದು. 100 ಮೀಟರ್ ದೂರದಲ್ಲಿ ಇದು ಸುಮಾರು 2.9 ಸೆಂಟಿಮೀಟರಿಗೆ ಸಮ. ಆದುದರಿಂದ ಆ ದೂರಕ್ಕೆ 24 ಭುಜಗಳು ಧಾರಾಳವಾಗಿ ಸಾಕು. ಹತ್ತಿರ ಬಂದಾಗ ಮಾತ್ರ ಹೆಚ್ಚು ಬೇಕು. ದೂರಕ್ಕೊಂದು, ಸಮೀಪಕ್ಕೊಂದು ಎಂದು ಬೇರೆಬೇರೆ ಮಾದರಿಗಳನ್ನು ಸಿದ್ಧಪಡಿಸುವ ಪದ್ಧತಿಯ ಮರ್ಮ ಇದೇ. ಒಳಗೆ ಅಡಗಿರುವ ತಿರುಪುಮೊಳೆಗಳನ್ನೂ ಕಂಬಿಗಳನ್ನೂ ಕಣ್ಣು ಕಾಣದಾದ್ದರಿಂದ ಅವುಗಳನ್ನು ತೆಗೆದುಹಾಕಬಹುದು.

ಅಳತೆಯ ಮಾನ ಮತ್ತು ಅಕ್ಷಗಳ ವಿಷಯದಲ್ಲಿ ಎಚ್ಚರ ಅಗತ್ಯ. ಸೆಸ್ನಾ 172 ವಿಮಾನದ ರೆಕ್ಕೆಗಳ ಹರವು ಸುಮಾರು 11 ಮೀಟರ್. ಮಿಲಿಮೀಟರಿನಲ್ಲಿ ಬರೆದ ಅಂಕಗಳನ್ನು ಮೀಟರೆಂದು ಓದಿಕೊಂಡರೆ 11 ಕಿಲೋಮೀಟರ್ ಹರವಿನ ವಿಮಾನ ನಿಂತುಬಿಡುತ್ತದೆ! ಇದು ನಗೆಗೆ ಕಾರಣವಾದೀತು, ನಿಜ. ಆದರೆ 1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಅಮೆರಿಕದ ಗಗನನೌಕೆ ನಾಶವಾದುದಕ್ಕೆ, ಪೌಂಡ್-ಸೆಕೆಂಡುಗಳಲ್ಲಿದ್ದ ಅಂಕಗಳನ್ನು ನ್ಯೂಟನ್-ಸೆಕೆಂಡುಗಳೆಂದು ತಿಳಿದದ್ದೇ ಮೂಲಕಾರಣವೆಂಬುದನ್ನು ಮರೆಯಬಾರದು.

ಇಷ್ಟಾದರೂ ನಮಗೆ ದೊರೆತದ್ದು ವಿಮಾನದ ಚಿತ್ರ ಮಾತ್ರ. ಉದಾಹರಣೆಗೆ, ಫ್ಲೈಟ್‌ಗಿಯರ್ ಎಂಬ ಮುಕ್ತ ಸಿಮ್ಯುಲೇಟರಿನಲ್ಲಿ ಬಳಸುವ ಜೆಎಸ್‌ಬಿಸಿಮ್ ಎಂಬ ಗಣನವ್ಯವಸ್ಥೆಯು ಈ ಚಿತ್ರವನ್ನು ನೋಡುವುದೇ ಇಲ್ಲ. ಅದಕ್ಕೆ ಬೇಕಾದುವು ದ್ರವ್ಯರಾಶಿ, ಗುರುತ್ವಕೇಂದ್ರ, ಜಡತ್ವ ಭ್ರಾಮಕಗಳು, ಮೇಲೆತ್ತುವ ಬಲ ಮತ್ತು ವಾಯುರೋಧಗಳ ಗುಣಾಂಕಗಳು. ಚಕ್ರಗಳು ನೆಲವನ್ನು ಮುಟ್ಟುವ ಸ್ಥಾನಗಳನ್ನೂ ಬೇರೆಯಾಗಿಯೇ ಬರೆದುಕೊಡಬೇಕು. ಇಲ್ಲವಾದರೆ ವಿಮಾನವು ಓಡುದಾರಿಯಲ್ಲಿ ಹೂತಂತೆಯೋ ತೇಲಿದಂತೆಯೋ ಕಾಣುತ್ತದೆ. ಒಂದೇ ಚಿತ್ರವುಳ್ಳ ಎರಡು ವಿಮಾನಗಳನ್ನು ಕಲ್ಪಿಸಿಕೊಳ್ಳಿರಿ. ಒಂದರ ಗುರುತ್ವಕೇಂದ್ರ ತಕ್ಕ ಸ್ಥಾನದಲ್ಲಿದೆ. ಅದರ ಮೂಗು ಕಿಂಚಿತ್ ಮೇಲೆದ್ದರೂ ತಾನಾಗಿ ಕೆಳಗಿಳಿಯುತ್ತದೆ. ಇನ್ನೊಂದರ ಗುರುತ್ವಕೇಂದ್ರ ಅತಿಯಾಗಿ ಹಿಂದೆ ಸರಿದಿದೆ. ಅದರ ಮೂಗು ಎದ್ದರೆ ಮತ್ತಷ್ಟು ಏಳುತ್ತದೆ. ಕಣ್ಣಿಗೆ ಎರಡೂ ಒಂದೇ. ಚಾಲಕನಿಗೆ ಮಾತ್ರ ಜೀವನ್ಮರಣದ ವ್ಯತ್ಯಾಸ.

ವಿಚಿತ್ರವೆಂದರೆ, ಈ ಅಂಕಗಳಲ್ಲಿ ಕೆಲವು ಕ್ಯಾಡ್ ಮಾದರಿಯಲ್ಲಿಯೇ ದೊರೆಯುತ್ತಿದ್ದುವು. ಒಂದೊಂದು ಭಾಗಕ್ಕೂ ಸಾಂದ್ರತೆಯನ್ನು ಕೊಟ್ಟರೆ ಅದು ದ್ರವ್ಯರಾಶಿಯನ್ನೂ ಗುರುತ್ವಕೇಂದ್ರವನ್ನೂ ಜಡತ್ವ ಭ್ರಾಮಕಗಳನ್ನೂ ಲೆಕ್ಕಹಾಕಿ ಕೊಡುತ್ತದೆ. ಕಣ್ಣಿಗೆ ಬೇಡವೆಂದು ನಾವು ಎಸೆದ ಒಳಭಾಗಗಳಲ್ಲಿಯೇ ತೂಕದ ಬಹುಪಾಲು ಅಡಗಿತ್ತು! ಆದುದರಿಂದ ಮಾದರಿಯನ್ನು ತ್ರಿಭುಜಗಳಾಗಿ ಒಡೆಯುವುದಕ್ಕೆ ಮೊದಲು ಈ ಅಂಕಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. ಎಂಜಿನ್, ಇಂಧನ, ಆಸನಗಳಿಲ್ಲದ ಬರಿಯ ಹೊರಕವಚದಿಂದ ಪಡೆದ ಅಂಕವಾದರೋ ನಂಬಿಕೆಗೆ ಅರ್ಹವಲ್ಲ.

ಚಿತ್ರವು ಅಂದವಾಗಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ವಿಮಾನವನ್ನು ಇಳಿಸುವಾಗ ಎತ್ತರವನ್ನು ಅಳೆಯಲು ಚಾಲಕನಿಗೆ ಹೊರದೃಶ್ಯ ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ 1929ರಲ್ಲಿ ಎಡ್ವಿನ್ ಲಿಂಕ್ ಎಂಬ ಅಮೆರಿಕನ್ನನು, ಆರ್ಗನ್ ವಾದ್ಯಕ್ಕೆ ಬಳಸುವ ತಿದಿಗಳಿಂದ ರಚಿಸಿದ ಅಭ್ಯಾಸಯಂತ್ರದಲ್ಲಿ ಹೊರಗಿನ ದೃಶ್ಯವೇ ಇರಲಿಲ್ಲ. ಮುಚ್ಚಿದ ಗೂಡಿನೊಳಗೆ ಕುಳಿತು, ಉಪಕರಣಗಳನ್ನು ಮಾತ್ರ ನೋಡುತ್ತ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ವಿಮಾನಚಾಲಕರು ಅದರಲ್ಲಿ ತರಬೇತು ಪಡೆದರು. ಚಿತ್ರವಿಲ್ಲದಿದ್ದರೂ ವರ್ತನೆ ಹೊಂದಿಕೆಯಾಗಿದ್ದರೆ ಯಂತ್ರವು ಕಲಿಸಬಲ್ಲದು. ವರ್ತನೆ ತಪ್ಪಾದರೆ ಎಂತಹ ಸುಂದರ ಚಿತ್ರವೂ ತಪ್ಪನ್ನೇ ಕಲಿಸುತ್ತದೆ.

ಆದುದರಿಂದ ಕಾಲೇಜುಗಳಲ್ಲಿ ಇಂತಹ ಯೋಜನೆಗಳನ್ನು ಪರೀಕ್ಷಿಸುವವರು ತೆರೆಯ ಮೇಲಿನ ಹೊಳಪನ್ನು ನೋಡಿ ಅಂಕ ಕೊಡದೆ, ಮಾದರಿಯ ಜೊತೆಗೆ ಒಂದು ಅಂಕಪಟ್ಟಿಯನ್ನೂ ಕೇಳಬೇಕೆಂದು ನಮ್ಮ ಸಲಹೆ. ಯಾವ ಮಾನ, ಯಾವ ಅಕ್ಷ, ಎಷ್ಟು ತೂಕ, ಎಲ್ಲಿ ಗುರುತ್ವಕೇಂದ್ರ, ಏನನ್ನು ಬಿಟ್ಟದ್ದು, ಏಕೆ ಬಿಟ್ಟದ್ದು—ಇಷ್ಟು ಅದರಲ್ಲಿದ್ದರೆ ಸಾಕು. ವಿದ್ಯಾರ್ಥಿಗಳಾದರೂ ಪರೀಕ್ಷಕರು ಕೇಳುವವರೆಗೆ ಕಾಯದೆ ತಾವಾಗಿಯೇ ಅದನ್ನು ಸಿದ್ಧಪಡಿಸಿಕೊಳ್ಳಲಿ. ತರಗತಿಯಲ್ಲಿ ಕಲಿತ ಗುರುತ್ವಕೇಂದ್ರವೂ ಜಡತ್ವವೂ ಪರೀಕ್ಷೆಯ ಆಚೆಗೂ ಕೆಲಸಕ್ಕೆ ಬರುವುವೆಂಬುದು ಆಗ ಅವರಿಗೆ ಮನವರಿಕೆಯಾದೀತು.