ಗರಗಸದಿಂದ ಶುರುವಾಗುವ ಕನ್ನಡ

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದ ಮಗು ಈಗ ಮೊದಲು ತಿದ್ದುವ ಅಕ್ಷರ ‘ರ’. ಅದರ ಹಿಂದೆ ಗ, ಸ, ದ. ‘ಅ’ ಬರುವುದು ಐದನೆಯದಾಗಿ. ಅಆಇಈ ಬಾಯಿಪಾಠ ಮಾಡಿ ಬೆಳೆದ ಅಜ್ಜ ‘ಇದೆಂಥಾ ಓದು?’ ಎಂದು ಮೂಗು ಮುರಿದರೆ ಆಶ್ಚರ್ಯವಿಲ್ಲ. ಆದರೆ ಈ ಐದೇ ಅಕ್ಷರಗಳಲ್ಲಿ ಸರ, ರಸ, ಅಗಸ, ಅರಸ ಎಲ್ಲ ಆಗುತ್ತವೆ. ಕಾಗುಣಿತದ ಗೊಡವೆಯಿಲ್ಲದೆ ಮಗು ಗರಗಸ ಎಂದು ಬರೆದು ಅಪ್ಪನಿಗೆ ತೋರಿಸಬಹುದು. ಓದು ಬರುತ್ತದೆ ಎಂಬ ಧೈರ್ಯಕ್ಕೆ ವರ್ಣಮಾಲೆ ಮುಗಿಯುವ ತನಕ ಕಾಯಬೇಕಿಲ್ಲ.

ಈ ಪದ್ಧತಿಯ ಹೆಸರು ನಲಿಕಲಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿದ ಇದರ ತವರು ಹೆಗ್ಗಡದೇವನಕೋಟೆ ತಾಲ್ಲೂಕು. ಹುಟ್ಟಿದ ವರ್ಷ 1995. ಚಿಕ್ಕದಾಗಿ ಕೋಟೆ ಎನ್ನುವ ಈ ತಾಲ್ಲೂಕಿನ ಹೆಸರೆತ್ತಿದೊಡನೆ ಜನಕ್ಕೆ ಕಾಡಾನೆಗಳನ್ನು ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ನೆನಪಾಗುತ್ತದೆ. ಕೊನೆಯ ಖೆಡ್ಡಾ 1971ರಲ್ಲಿ ಮುಗಿದರೂ ಅದರ ಫೋಟೊಗಳು ಇನ್ನೂ ಗೋಡೆಗಳ ಮೇಲಿವೆ. ಅದೇ ತಾಲ್ಲೂಕಿನ ಮೇಷ್ಟ್ರುಗಳು ಇಡೀ ನಾಡಿಗೆ ಕೊಟ್ಟ ಪಾಠ ಮಾತ್ರ ಯಾರ ಗೋಡೆಯ ಮೇಲೂ ಇಲ್ಲ.

ಕೋಟೆಯೂ ಸೇರಿದಂತೆ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ನೆಲ ಮಾತ್ರ ಒಂದೇ ತೆರನಲ್ಲ. ಚುಂಚನಕಟ್ಟೆಯ ಸುತ್ತ ಕಾವೇರಿಯ ಅಣೆ, ನಾಲೆ, ಭತ್ತದ ಗದ್ದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ, ಕೋದಂಡರಾಮನ ತೇರು. ಅಲ್ಲಿನವು ಬೇರೂರಿದ ಊರುಗಳು. ಹುಣಸೂರು, ಪಿರಿಯಾಪಟ್ಟಣದ ಕಡೆ ತಿರುಗಿದರೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನುಗಳು. ಕೋಟೆ ದಾಟಿ ಅಂತರಸಂತೆ, ಡಿ.ಬಿ. ಕುಪ್ಪೆಯ ದಾರಿ ಹಿಡಿದರೆ ಕಾಡು.

ಈ ಕಾಡಂಚಿನಲ್ಲಿ ಎಲ್ಲಿಂದಲೋ ಎದ್ದು ಬಂದು ಮತ್ತೆ ಒಲೆ ಹೂಡಿದವರ ಊರುಗಳು ಹಲವು. 1960ರ ಸುಮಾರಿಗೆ ಬೈಲಕುಪ್ಪೆಗೆ ಬಂದ ಟಿಬೆಟನ್ನರು ಆನೆ ಓಡಾಡುವ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. 1974ರಲ್ಲಿ ಕಬಿನಿ ಜಲಾಶಯ ತುಂಬಿದಾಗ ಮುಳುಗಿದ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿದರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡಿನೊಳಗಿನ ಹಾಡಿಗಳನ್ನೂ, ಅಂದರೆ ಆದಿವಾಸಿಗಳ ಕೇರಿಗಳನ್ನೂ, ಎಬ್ಬಿಸಲಾಯಿತು. ಹುಣಸೂರು ತಾಲ್ಲೂಕಿನ ನಾಗಾಪುರ ಹಾಗೆ ಎದ್ದು ಬಂದವರ ಊರು. ವಿಚಿತ್ರವೆಂದರೆ, ಕಾಡಿನಲ್ಲೇ ಹುಟ್ಟಿದ ಜೇನುಕುರುಬರು ಅದೇ ಕಾಡಿನ ಅಂಚಿನಲ್ಲಿ ಹೊಸಬರಾದರು. ಉಳಿದವರೆಲ್ಲ ನೆಲ ಹುಡುಕಿಕೊಂಡು ಬಂದರೆ ಇವರು ನೆಲ ಬಿಟ್ಟು ಬಂದರು.

ಇಂಥಲ್ಲಿ ಶಾಲೆ ಎಂದರೆ ಒಂದು ಕೋಣೆ, ಒಬ್ಬ ಮೇಷ್ಟ್ರು, ನಾಲ್ಕಾರು ವಯಸ್ಸಿನ ಮಕ್ಕಳು. 1988ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಬ್ರಹ್ಮಗಿರಿಯಲ್ಲಿ ಆದಿವಾಸಿ ಮಕ್ಕಳಿಗೆ ಪಾಠ ಶುರುಮಾಡಿದ್ದು ದನದ ಕೊಟ್ಟಿಗೆಯಲ್ಲಿ. ಆ ಸಂಸ್ಥೆಯ ಹೊಸಹಳ್ಳಿಯ ಶಾಲೆ ಬೆಳೆದದ್ದು ಅಲ್ಲಿಂದ. ಸರ್ಕಾರಿ ಶಾಲೆಯ ಮೇಷ್ಟ್ರ ಪಾಡು ಬೇರೆ. ಒಂದನೇ ತರಗತಿಗೆ ಅಕ್ಷರ ಹೇಳುವಾಗ ಮೂರನೇ ತರಗತಿ ಗಲಾಟೆ. ಮೂರನೆಯದಕ್ಕೆ ಲೆಕ್ಕ ಹಾಕಿಕೊಡುವಷ್ಟರಲ್ಲಿ ಒಂದನೆಯದು ಬಾಗಿಲಾಚೆ. ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಬ್ಬ ಶಿಕ್ಷಕ ಎಂಬ ಲೆಕ್ಕ ಇಲ್ಲಿ ಕೂಡಿಬರುವುದೇ ಇಲ್ಲ.

ಇದಕ್ಕೊಂದು ದಾರಿ ಹುಡುಕುತ್ತ ಕೋಟೆಯ ಶಿಕ್ಷಕರ ತಂಡವೊಂದು ಯೂನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ ಬಂತು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲಿನ ಏಕೋಪಾಧ್ಯಾಯ ಶಾಲೆಗಳಿಗೆಂದು ಪಠ್ಯವನ್ನು ಬಿಡಿಸಿ ಕಾರ್ಡುಗಳನ್ನಾಗಿ ಮಾಡಿತ್ತು. ಕೋಟೆಯವರು ಅದನ್ನು ನಕಲು ಹೊಡೆಯದೆ ತಮ್ಮ ಕೋಣೆಗೆ ಹೊಂದಿಸಿಕೊಂಡರು. ಇಲ್ಲಿ ಮಗು ತರಗತಿಯ ಜೊತೆ ಸಾಗುವುದಿಲ್ಲ, ಏಣಿ ಹತ್ತುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತನ್ನ ಗುರುತು ಹುಡುಕಿ, ಆ ಕಾರ್ಡು ಎತ್ತಿಕೊಂಡು, ಅದಕ್ಕೆ ಗೊತ್ತುಮಾಡಿದ ‘ತಟ್ಟೆ’ಗೆ ಹೋಗಿ ಕೂರುತ್ತದೆ. ಮೇಷ್ಟ್ರು ಪೂರ್ತಿ ಜೊತೆಗಿರುವ ತಟ್ಟೆ ಒಂದು, ಗೆಳೆಯರ ನೆರವಿನದು ಇನ್ನೊಂದು, ತಾನೇ ಕಲಿಯುವುದು ಮತ್ತೊಂದು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಕಪ್ಪುಹಲಗೆ ಮಗುವಿನ ಕೈಗೆಟುಕುವಷ್ಟು ಕೆಳಗೆ. ಮೇಷ್ಟ್ರ ಕುರ್ಚಿಗೆ ಈ ಕೋಣೆಯಲ್ಲಿ ಕೆಲಸವಿಲ್ಲ.

ಕೊಲಂಬಿಯಾದ ಗುಡ್ಡಗಾಡಿನ ಶಾಲೆಗಳಲ್ಲಿ 1970ರ ದಶಕದಲ್ಲೇ ‘ಎಸ್ಕ್ವೆಲಾ ನ್ಯೂವಾ’ ಎಂಬ ಹೆಸರಿನಲ್ಲಿ ಇಂಥದ್ದೇ ಪ್ರಯೋಗ ನಡೆದಿತ್ತು. ಕೊರತೆ ಇದ್ದ ಕಡೆಯೇ ಉಪಾಯವೂ ಹೊಳೆಯುತ್ತದೆ. ನೂರಾರು ಮಕ್ಕಳ, ತರಗತಿಗೊಬ್ಬ ಶಿಕ್ಷಕರ ಪಟ್ಟಣದ ಶಾಲೆಗೆ ಇದು ಹೊಳೆಯಬೇಕಾದ ಅಗತ್ಯವೇ ಇರಲಿಲ್ಲ.

ನಲಿಕಲಿ ರಾಜ್ಯಕ್ಕೆಲ್ಲ ಹಬ್ಬಿದಾಗ ಏನೋ ಕಳೆದುಹೋಯಿತು ಎಂಬುದನ್ನೂ ಹೇಳಬೇಕು. ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಸುತ್ತೋಲೆಯಾಗಿ ಬಂದಾಗ ಕಾರ್ಡುಗಳು ಅಚ್ಚಾಗಿ ಗಂಟಿನಲ್ಲಿ ಬಂದವು. ತಯಾರಿಸಿದವನಿಗೆ ತಿದ್ದುವ ಹಕ್ಕಿತ್ತು. ಪಡೆದವನಿಗೆ ಉಳಿದದ್ದು ಪ್ರಗತಿ ನೋಟ ತುಂಬುವ ಕೆಲಸ. ಹಾಡಿಯ ಮಗು ಮನೆಯಲ್ಲಿ ಆಡುವ ಜೇನುಕುರುಬ ನುಡಿಗೆ ಆ ಗಂಟಿನಲ್ಲಿ ಜಾಗ ಸಿಗಲಿಲ್ಲ. ಊರೊಳಗೆ ಕಾನ್ವೆಂಟಿನ ಹಳದಿ ಬಸ್ಸು ಬಂದು ನಿಂತರೆ ‘ಕಾರ್ಡು ಹಿಡಿದು ಆಡುವ ಶಾಲೆ’ ಯಾರಿಗೆ ಬೇಕು ಎನ್ನುವ ಅಪ್ಪಂದಿರಿಗೂ ಬರವಿಲ್ಲ.

ಈಗಿನ ಮಾತು ಇನ್ನೊಂದು ಬಗೆಯದು: ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸಿಬಿಡಿ, ಬಸ್ಸು ಬಿಡಿ, ಒಳ್ಳೆಯ ಕಟ್ಟಡ ಕೊಡಿ. ಚುಂಚನಕಟ್ಟೆಯ ಬಯಲಿನಲ್ಲಿ ಇದು ಸರಿಹೋದೀತು. ಊರೂರಿಗೆ ಡಾಂಬರಿದೆ, ಸಂಜೆ ಮಕ್ಕಳು ನಡೆದು ಬಂದರೂ ಭಯವಿಲ್ಲ. ಕಾಡಂಚಿನಲ್ಲಿ ದಾರಿಯ ಲೆಕ್ಕ ಕಿಲೋಮೀಟರಿನದಲ್ಲ, ಆನೆಯದು. 1ರಿಂದ 5ನೇ ತರಗತಿಯ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂದು, 60 ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರು ಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ, ಅದರ ನಿಯಮಗಳು ಹೇಳುತ್ತವೆ. ಎರಡನೆಯ ಶಿಕ್ಷಕರನ್ನು ಕೊಡದೆ, ಒಬ್ಬರೇ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ಬರೆಯುತ್ತ, ಮೀಟಿಂಗಿನ ದಿನ ಶಾಲೆಗೆ ಬೀಗ ಹಾಕುವಂತೆ ಮಾಡಿ, ಆಮೇಲೆ ‘ಮಕ್ಕಳು ಬರುತ್ತಿಲ್ಲ’ ಎನ್ನುವುದು ಯಾವ ನ್ಯಾಯ?

ಸುಗ್ಗಿಯ ನಂತರ ಹಾಡಿಯ ಅನೇಕ ಸಂಸಾರಗಳು ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋಗುತ್ತವೆ, ಮಕ್ಕಳೂ ಜೊತೆಗೇ. ವಾರಗಟ್ಟಲೆ ಕಳೆದು ಮರಳಿದಾಗ ತರಗತಿಯ ಪುಸ್ತಕ ಎಷ್ಟೋ ಪಾಠ ಮುಂದಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೆರೆ ಬಿದ್ದಿರುತ್ತದೆ. ಏಣಿಯಲ್ಲಿ ಹಾಗಿಲ್ಲ. ಮಗು ಬಿಟ್ಟುಹೋದ ಮೆಟ್ಟಿಲು ಗೋಡೆಯ ಮೇಲೆ ಅಲ್ಲೇ ಇರುತ್ತದೆ, ಕಾರ್ಡು ಪೆಟ್ಟಿಗೆಯಲ್ಲಿ. ಅದನ್ನು ಎತ್ತಿಕೊಡಲು ಆ ದಿನ ಕೋಣೆಯ ಬಾಗಿಲು ತೆರೆದಿರಬೇಕು, ಒಳಗೆ ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬರಾದರೂ ಇರಬೇಕು.